ರಿವಾಲ್ವರಿಗೆ ಕಪ್ಪು ಹತ್ತಿಸಿದ ದಿನಗಳು

ಚಿಕ್ಕಪ್ಪ ಸೈನ್ಯ ಬಿಟ್ಟು ಜಗಳೂರಿಗೆ ಬಂದ ದಿನ ನಾನು ಊಟ ಮಾಡಲಿಲ್ಲ. ಆಗ ನನಗೆ ಹತ್ತೊಂಬತ್ತು. ಹಟ ಹಿಡಿಯುವ ವಯಸ್ಸು ದಾಟಿತ್ತು. ಆದರೂ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಅವನ ಕಬ್ಬಿಣದ ಟ್ರಂಕು ಬಂದು ಕೂತದ್ದನ್ನು ನೋಡಿದಾಗ, ಇಷ್ಟು ವರ್ಷ ರಜೆ ಮುಗಿಸಿ ಹೊರಟುಹೋಗುತ್ತಿದ್ದ ಈ ಮನುಷ್ಯ ಈ ಸಲ ಹಾಗೆ ಹೋಗುವುದಿಲ್ಲ, ಹೋದರೆ ಚಿಕ್ಕಮ್ಮನನ್ನು ಕರೆದುಕೊಂಡೇ ಹೋಗುತ್ತಾನೆ ಎಂಬುದು ಒಮ್ಮೆಲೇ ಹೊಳೆಯಿತು.

ನನ್ನ ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಪ್ಪ ಮತ್ತೆ ಮದುವೆಯಾಗಿ ಬೇರೆ ಊರು ಸೇರಿದ. ನನ್ನನ್ನು ಸಾಕಿದವಳು ಅಮ್ಮನ ತಂಗಿ. ಅವಳಿಗೆ ಮದುವೆಯಾಗಿತ್ತು, ಗಂಡ ಸೈನ್ಯದಲ್ಲಿದ್ದ, ಅದಕ್ಕೇ ತವರಿನಲ್ಲೇ ಉಳಿದಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಜಡೆ ಹಾಕುವುದು, ಲಂಗ ಹೊಲಿಯುವುದು, ಮಗ್ಗಿ ಹೇಳಿಸುವುದು, ಜ್ವರ ಬಂದರೆ ಪಕ್ಕ ಕೂರುವುದು ಎಲ್ಲ ಅವಳೇ. ವರ್ಷಕ್ಕೊಮ್ಮೆ ಚಿಕ್ಕಪ್ಪ ಬಂದಾಗ ಮಾತ್ರ ನಾನು ಅಜ್ಜಿಯ ಮಗ್ಗುಲಲ್ಲಿ ಮಲಗಬೇಕಾಗುತ್ತಿತ್ತು. ಅವನು ಬರುವ ಸುದ್ದಿ ಬಂದರೆ ಚಿಕ್ಕಮ್ಮ ಹೊಸ ಬಳೆ ಇಡಿಸಿಕೊಳ್ಳುತ್ತಿದ್ದಳು, ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಅವಳನ್ನು ನಾನು ನೀನು ಎನ್ನುತ್ತಿದ್ದೆ. ಅವನನ್ನು ಕೊನೆಯವರೆಗೂ ನೀವು ಎಂದೇ ಅಂದೆ, ಒಂದು ಸಲ ಬಿಟ್ಟು.

ಚಿಕ್ಕಪ್ಪ ಸೈನ್ಯದಲ್ಲಿ ಗುಂಡು ಹಾರಿಸುವ ಸಿಪಾಯಿಯಾಗಿರಲಿಲ್ಲ. ಬಂದೂಕು ರಿಪೇರಿ ಮಾಡುವವನು. ಸವೆದ ಭಾಗ ತೆಗೆದು ಹೊಸದು ಕೂರಿಸುವುದು, ಬಣ್ಣ ಹೋದ ನಳಿಗೆಗೆ ಮತ್ತೆ ಕಪ್ಪು ಹತ್ತಿಸುವುದು ಅವನ ಕೆಲಸ. ಇಪ್ಪತ್ತು ವರ್ಷ ಹತ್ತಿರ ಅದನ್ನೇ ಮಾಡಿದ. ಅವನ ಕೈ ಉಗುರಿನ ಸಂದಿಗಳು ಎಷ್ಟು ತೊಳೆದರೂ ಕಪ್ಪಗೇ ಇರುತ್ತಿದ್ದವು.

ಬಂದ ಒಂದು ತಿಂಗಳಿಗೆ ಚಿಕ್ಕಮ್ಮನನ್ನು ತನ್ನ ಊರಾದ ನ್ಯಾಮತಿಗೆ ಕರೆದುಕೊಂಡು ಹೋದ. ಬಸ್ಸಿನ ಕಿಟಕಿಯಿಂದ ಅವಳು ನನ್ನ ಕಡೆ ನೋಡುತ್ತಿದ್ದಳು, ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಮುಂದೆ ನಾನು ಚಿತ್ರದುರ್ಗದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದೆ. ಸವಳಂಗದ ಪ್ರಾಥಮಿಕ ಶಾಲೆಗೆ ಕೆಲಸದ ಆದೇಶ ಬಂದಾಗ ಕಾಗದವನ್ನು ನಾಲ್ಕು ಸಲ ಓದಿದೆ. ನ್ಯಾಮತಿಯಿಂದ ಸವಳಂಗಕ್ಕೆ ಬಸ್ಸಿನಲ್ಲಿ ಓಡಾಡಬಹುದು. ಹಾಸಿಗೆ ಸುತ್ತಿಕೊಂಡು ಹೋಗಿ ಚಿಕ್ಕಮ್ಮನ ಮನೆಯಲ್ಲೇ ಇಳಿದೆ.

ಅಷ್ಟರಲ್ಲಿ ಚಿಕ್ಕಪ್ಪನಿಗೆ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು. ಸಾಹುಕಾರರು ಶಿವಮೊಗ್ಗಕ್ಕೋ ದಾವಣಗೆರೆಗೋ ಹೊರಟರೆ ಜೀಪಿನಲ್ಲಿ ಜೊತೆಗೆ ಹೋಗಬೇಕು. ಅದಕ್ಕಾಗಿಯೇ ಲೈಸೆನ್ಸ್ ಮಾಡಿಸಿ, ಶಿವಮೊಗ್ಗದ ಬಂದೂಕಿನ ಅಂಗಡಿಯಿಂದ ಒಂದು ಹಳೆಯ ರಿವಾಲ್ವರ್ ತಂದುಕೊಂಡಿದ್ದ. ಸೋಮವಾರ ಮುಂಜಾನೆ ಹೊರಟರೆ ಶನಿವಾರ ಸಂಜೆ ಬರುತ್ತಿದ್ದ. ಹೀಗಾಗಿ ಚಿಕ್ಕಮ್ಮ ಮತ್ತೆ ಕಾಯುವವಳೇ ಆದಳು. ನನಗೆ ಒಳಗೊಳಗೇ ಅದು ಬೇಕಾಗಿತ್ತು. ವಾರದಲ್ಲಿ ಐದು ದಿನ ಅವಳು ನನ್ನವಳು.

ಭಾನುವಾರ ಬೆಳಿಗ್ಗೆ ಅವನು ರಿವಾಲ್ವರಿನಿಂದ ಗುಂಡು ತೆಗೆದು ಬೇರೆ ಡಬ್ಬಿಗೆ ಹಾಕಿ ಬೀಗ ಹಾಕುತ್ತಿದ್ದ. ಖಾಲಿ ರಿವಾಲ್ವರನ್ನು ಚಿಕ್ಕಮ್ಮ ಹೊಲಿಗೆ ಮೆಷಿನ್ನಿನ ಹಲಗೆಯ ಮೇಲಿಟ್ಟುಕೊಂಡು, ಮೆಷಿನ್ನಿಗೆ ಬಿಡುವ ಎಣ್ಣೆಯನ್ನೇ ಎರಡು ಹನಿ ಹಾಕಿ, ರವಿಕೆ ಬಟ್ಟೆಯ ಚೂರಿನಿಂದ ಒರೆಸುತ್ತಿದ್ದಳು. ಅವಳಿಗೆ ಆ ವಸ್ತುವನ್ನು ಕಂಡರೆ ಆಗುತ್ತಿರಲಿಲ್ಲ.

"ಬಂದೂಕು ರಿಪೇರಿ ಮಾಡೋರು ನೀವು, ಒರೆಸೋದು ನಾನಾ?" ಎಂದು ಕೇಳುತ್ತಿದ್ದಳು.

"ನೀನು ಒರೆಸಿದ್ರೆ ಅದಕ್ಕೊಂದು ಹೊಳಪು ಬರ್ತೈತೆ ಕಣೆ," ಎನ್ನುತ್ತಿದ್ದ ಅವನು. ಅವಳು ಗೊಣಗಿಕೊಂಡೇ ಒರೆಸುತ್ತಿದ್ದಳು. ಆ ಗೊಣಗಾಟದಲ್ಲಿ ಖುಷಿ ಇತ್ತು ಎಂದು ನನಗೆ ಆಗಲೂ ಗೊತ್ತಿತ್ತು, ಅದಕ್ಕೇ ಆ ಹೊತ್ತಿಗೆ ನಾನು ಬಟ್ಟೆ ಒಗೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲದಲ್ಲಿ ಚಿಕ್ಕಮ್ಮ ತೀರಿಕೊಂಡಳು. ಕಾಯಿಲೆ ಎಂದು ಮಲಗಿದವಳಲ್ಲ. ಮಧ್ಯಾಹ್ನ ಉಂಡು ಹೊಲಿಯಲು ಕೂತವಳು ಹಾಗೇ ಮೆಷಿನ್ನಿನ ಮೇಲೆ ಒರಗಿದ್ದಳಂತೆ. ನಾನು ಸವಳಂಗದಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ. ಚಿಕ್ಕಪ್ಪ ಸಾಹುಕಾರರ ಜೊತೆ ಎಲ್ಲೋ ಪ್ರಯಾಣದಲ್ಲಿದ್ದುದರಿಂದ ಸುದ್ದಿ ತಲುಪುವುದು ತಡವಾಗಿ ಮಾರನೆಯ ಬೆಳಿಗ್ಗೆ ಬಂದ. ಜಿಟಿಜಿಟಿ ಮಳೆ. ತೆರೆದ ಜೀಪಿನಲ್ಲಿ ಪೂರ್ತಿ ನೆನೆದಿದ್ದ. ಒಳಗೆ ಬಂದವನು ಅವಳ ಮುಖ ನೋಡುವ ಮೊದಲು ಅಭ್ಯಾಸಬಲದಿಂದ ರಿವಾಲ್ವರಿನ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು, ಅದನ್ನು ಚರ್ಮದ ಚೀಲದ ಸಮೇತ ಮೆಷಿನ್ನಿನ ಹಲಗೆಯ ಮೇಲಿಟ್ಟ. ಆಮೇಲೆ ಅವಳ ಮುಂದೆ ಹೋಗಿ ನಿಂತ. ಅಳಲಿಲ್ಲ. "ಇನ್ನೂ ಎರಡು ದಿನ ಇತ್ತು ಶನಿವಾರ," ಎಂದ ಅಷ್ಟೆ.

ಹೆಂಗಸರು ಸೇರಿ ಚಿಕ್ಕಮ್ಮನ ಮೈ ತೊಳೆದೆವು. ವಿಭೂತಿ ಹಚ್ಚಿದವಳು ನಾನು. ಎದ್ದು ಬರುವಾಗ ಮನೆ ತುಂಬ ಜನ, ಮೆಷಿನ್ನಿನ ಮೇಲೆ ಆ ರಿವಾಲ್ವರ್. ಯಾರಾದರೂ ಮುಟ್ಟಿಯಾರು ಎಂದು ಭಯವಾಯಿತು. ಚರ್ಮದ ಚೀಲ ನೀರು ಕುಡಿದು ಭಾರವಾಗಿತ್ತು. ರಿವಾಲ್ವರನ್ನು ಹೊರಗೆಳೆದು, ಕೈಗೆ ಸಿಕ್ಕ ರವಿಕೆ ಬಟ್ಟೆಯಲ್ಲಿ ಸುತ್ತಿ, ಒಳಮನೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ತಿಂಗಳು ಕಳೆಯುವುದರೊಳಗೆ ಚಿಕ್ಕಪ್ಪ ಮಂಡಿಯ ಕೆಲಸ ಬಿಟ್ಟ. ಉಳಿದ ಗುಂಡುಗಳನ್ನು ಅಂಗಡಿಗೆ ವಾಪಸು ಕೊಟ್ಟು ಬಂದ. ಟ್ರಂಕಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅದೇ ಮನೆಯಲ್ಲಿ ಉಳಿದೆ. ಹೋಗಲು ಬೇರೆ ಮನೆ ಇರಲಿಲ್ಲ, ಅಜ್ಜಿಯೂ ಅಷ್ಟರಲ್ಲಿ ಹೋಗಿದ್ದಳು. ಬೆಳಿಗ್ಗೆ ರೊಟ್ಟಿ ಮಾಡಿಟ್ಟು ಬಸ್ಸಿಗೆ ಹೋಗುತ್ತಿದ್ದೆ, ಸಂಜೆ ಬಂದಾಗ ಅವನು ನೀರು ಕಾಸಿಟ್ಟಿರುತ್ತಿದ್ದ. ಒಬ್ಬಳೇ ಹೆಂಗಸನ್ನು ಇಬ್ಬರೂ ಕಳೆದುಕೊಂಡಿದ್ದೆವು, ಆದರೆ ಅವಳ ವಿಷಯ ಒಬ್ಬರೂ ಎತ್ತುತ್ತಿರಲಿಲ್ಲ. ಉಪ್ಪು ಬೇಕಾ, ಮಳೆ ಬರೋ ಹಂಗೈತೆ, ನಾಳೆ ಸಂತೆ, ಇಷ್ಟೇ ಮಾತು. ಎರಡು ವರ್ಷ ಹಾಗೆ ಕಳೆಯಿತು.

ಮೂರನೆಯ ವರ್ಷದ ದಸರಾ ರಜೆಯಲ್ಲಿ, ಆಯುಧಪೂಜೆಯ ದಿನ, ಹೊಲಿಗೆ ಮೆಷಿನ್ ತೊಳೆದು ಹೂ ಇಟ್ಟೆ. ಕುಡುಗೋಲು, ಈಳಿಗೆಮಣೆಗೂ ಇಟ್ಟೆ. ಚಿಕ್ಕಮ್ಮ ಇದ್ದಾಗ ಇವುಗಳ ಸಾಲಿನಲ್ಲಿ ರಿವಾಲ್ವರೂ ಇರುತ್ತಿತ್ತು. ಚಿಕ್ಕಪ್ಪನನ್ನು ಕೇಳಿದೆ.

"ರಿವಾಲ್ವರ್ ತೆಗೀಲಾ?"

"ಹೆಂಗೂ ಲೈಸೆನ್ಸ್ ಮುಗೀತಾ ಬಂತು. ಇನ್ನು ನನಗ್ಯಾಕೆ ಅದು. ಈ ಸಲ ಪೂಜೆ ಮಾಡಿ, ಅಂಗಡಿಗೆ ಕೊಟ್ಟು ಬಂದ್ಬಿಡನ," ಎಂದ.

ಟ್ರಂಕು ತೆರೆದು ಬಟ್ಟೆ ಬಿಡಿಸಿದೆ. ನಳಿಗೆಯ ಮೇಲೆ, ಗುಂಡು ತುಂಬುವ ಉರುಳೆಯ ಮೇಲೆ, ಹಿಡಿಯ ಹತ್ತಿರ, ಎಲ್ಲ ಕಡೆ ಕೆಂಪು ತುಕ್ಕು. ಬಟ್ಟೆಗೂ ಕೆಂಪು ಕಲೆ ಹತ್ತಿತ್ತು. ಮಳೆನೀರಿನ ತೇವದ ಜೊತೆ ಎರಡು ಮಳೆಗಾಲ ಟ್ರಂಕಿನೊಳಗೇ ಇದ್ದದ್ದು.

ಚಿಕ್ಕಪ್ಪ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಖಾಲಿ ಇದೆಯೆಂದು ಗೊತ್ತಿದ್ದೂ ಮೊದಲು ಉರುಳೆ ತೆರೆದು ಗುಂಡಿನ ಆರೂ ಮನೆಗಳನ್ನು ನೋಡಿದ. ಆಮೇಲೆ ಹೇಳಿದ.

"ಇದನ್ನ ಹಿಂಗೇ ಕೊಡಾಕೆ ಆಗಲ್ಲ ಅವ್ವ. ಇಪ್ಪತ್ತು ವರ್ಷ ಪಲ್ಟನ್ನಿಗೆ ಕಪ್ಪು ಹತ್ತಿಸ್ದೋನು ನಾನು. ಇದನ್ನ ನೋಡಿದ್ರೆ ಅಂಗಡಿಯೋನು ನಗ್ತಾನೆ."

ಮಾರನೆಯ ದಿನ ಹೊನ್ನಾಳಿಗೆ ಹೋಗಿ ಬಂದ. ಬಗೆಬಗೆಯ ಉಪ್ಪುಕಾಗದ, ಉಕ್ಕಿನ ನಾರು, ಒಂದು ಎನಾಮಲ್ ಬೋಗುಣಿ, ಗಾಜಿನ ಬಿರಡೆಯ ಒಂದು ಸಣ್ಣ ಸೀಸೆ ತಂದಿದ್ದ. ಸೀಸೆಯಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ಅದನ್ನ ಮುಟ್ಟಬ್ಯಾಡ, ಕೈ ಸುಡ್ತೈತೆ," ಎಂದಷ್ಟೇ ಹೇಳಿ ಎತ್ತರದ ಗೂಡಿನಲ್ಲಿಟ್ಟ. ಹಿತ್ತಿಲಿನ ಬಯಲಿನಲ್ಲಿ ಒಂದು ಕೊಳಗ ಇಟ್ಟು ಮಳೆನೀರು ಹಿಡಿ ಎಂದ. ಹಂಚಿನಿಂದ ಇಳಿದ ನೀರು ಬೇಡ, ಅದರಲ್ಲಿ ಮಸಿ ಇರುತ್ತದೆ. ಬಾವಿ ನೀರೂ ಬೇಡ, ಸುಣ್ಣದ ಅಂಶ ಕೂರುತ್ತದೆ. ಆ ವಾರ ಹಿಂಗಾರು ಚೆನ್ನಾಗಿಯೇ ಸುರಿಯುತ್ತಿತ್ತು, ಕೊಳಗ ಒಂದೇ ಸಂಜೆಗೆ ತುಂಬಿತು.

ಪಡಸಾಲೆಯಲ್ಲಿ ಹಳೆಯ ಕಂಬಳಿ ಹಾಸಿ ರಿವಾಲ್ವರನ್ನು ಬಿಚ್ಚಿದ. ತಿರುಪು, ಸ್ಪ್ರಿಂಗು, ಹಿಡಿಯ ಎರಡು ಮರದ ಚೂರು, ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಸಾಲಾಗಿ ಇಡುತ್ತ ಹೋದ. ಅವನನ್ನು ಕೆಲಸ ಮಾಡುವಾಗ ನಾನು ನೋಡಿದ್ದು ಅದೇ ಮೊದಲು. ಮನೆಯಲ್ಲಿ ತಂಬಿಗೆ ಎತ್ತಿದರೂ ಗಡಸಾಗಿ ಎತ್ತುತ್ತಿದ್ದ ಕೈ, ಆ ಸಣ್ಣ ತಿರುಪುಗಳ ಮುಂದೆ ಬೇರೆಯದೇ ಆಗಿತ್ತು. ಇಂಥ ಕೈಯಿಂದ ಇವನು ಚಿಕ್ಕಮ್ಮನಿಗೆ ಕಾಗದ ಬರೆಯುತ್ತಿದ್ದನಲ್ಲ ಎಂದು ಅನ್ನಿಸಿತು.

"ನೀನೂ ಕೂತ್ಕ," ಎಂದು ನನಗೆ ಉರುಳೆಯನ್ನು ಕೊಟ್ಟ. "ಎಣ್ಣೆ ಹಚ್ಚಿದ ಕಾಗದದಾಗೆ ತಿಕ್ಕು. ಒಂದೇ ದಿಕ್ಕಿಗೆ ತಿಕ್ಕಬೇಕು, ಹಿಂದಕ್ಕೂ ಮುಂದಕ್ಕೂ ಎಳೀಬ್ಯಾಡ. ಜಂಗು ಹೋಗ್ಬೇಕು, ಅಂಚು ಸವೀಬಾರದು."

ತುಕ್ಕಿಗೆ ಅವನು ಜಂಗು ಎನ್ನುತ್ತಿದ್ದ. ಮೂರು ದಿನ ತಿಕ್ಕಿದೆವು. ಕೆಂಪು ಹೋಗಿ, ಹಳೆಯ ಕಪ್ಪೂ ಹೋಗಿ, ಉಕ್ಕು ಬೆಳ್ಳಗೆ ಕಾಣಿಸಿಕೊಂಡಿತು. ಮೂರನೆಯ ದಿನ ಮಧ್ಯಾಹ್ನ ಗಮನಿಸಿದೆ: ಅವನ ಕೈಯಲ್ಲಿದ್ದ ದೊಡ್ಡ ಭಾಗದ ಎಡಮೈಯಲ್ಲಿ, ಉರುಳೆ ಕೂರುವ ಜಾಗದ ಕೆಳಗೆ, ಒಂದು ಕಡೆ ಮಾತ್ರ ಅವನು ಕಾಗದ ತಾಗಿಸಿಯೇ ಇರಲಿಲ್ಲ. ಸುತ್ತ ಎಲ್ಲ ಹೊಳೆಯುತ್ತಿದೆ, ನಡುವೆ ಹೆಬ್ಬೆರಳಷ್ಟು ಅಗಲ ತುಕ್ಕು ಹಾಗೇ ಇದೆ. ಬಗ್ಗಿ ನೋಡಿದೆ. ಹೆಬ್ಬೆರಳಿನ ಗುರುತೇ. ನಡುವೆ ಕಲಸಿಹೋಗಿತ್ತು, ಅಂಚಿನಲ್ಲಿ ಮಾತ್ರ ಬಾಗಿದ ಸಣ್ಣ ಗೆರೆಗಳು ಕಾಣುತ್ತಿದ್ದವು.

"ಇಲ್ಲಿ ಬಿಟ್ಟೀರಿ," ಎಂದೆ.

"ಅದಿರ್ಲಿ."

"ಯಾಕೆ?"

ಅವನು ಆ ಉಕ್ಕಿನ ತುಂಡನ್ನು ಮಡಿಲಿನಲ್ಲಿಟ್ಟುಕೊಂಡು, ಕನ್ನಡಕ ತೆಗೆದು ಒರೆಸುತ್ತ ಹೇಳಿದ. "ನಿಮ್ಮ ಚಿಕ್ಕಮ್ಮಂದು ಅದು. ಕೊನೇ ಸಲ ಒರೆಸಿದ್ದು ಅವಳೇ ಅಲ್ವಾ. ಬೆರಳು ಕೂತೈತೆ. ಇರ್ಲಿ ಬಿಡು, ಸ್ವಲ್ಪ ದಿನ."

ನಾನು ಎದ್ದು ಒಳಗೆ ಹೋದೆ. ಒಲೆಯ ಮುಂದೆ ಕೂತು ಸುಮ್ಮನೆ ಬೆಂಕಿ ಕೆದಕಿದೆ. ಮೊದಲಿಗೆ ಬಂದದ್ದು ಸಂತೋಷ, ಸುಳ್ಳು ಹೇಳುವುದಿಲ್ಲ. ಚಿಕ್ಕಮ್ಮನದು ಏನೂ ಉಳಿದಿರಲಿಲ್ಲ. ಅವಳದೊಂದು ಫೋಟೋ ಕೂಡ ಸರಿಯಾಗಿರಲಿಲ್ಲ, ಮದುವೆಯಲ್ಲಿ ತೆಗೆಸಿದ ಒಂದೇ ಒಂದರಲ್ಲಿ ತಲೆ ತಗ್ಗಿಸಿದ್ದಳು. ಸೀರೆಗಳಲ್ಲಿ ಅವಳ ವಾಸನೆ ಹೋಗಿ ಒಂದು ವರ್ಷವಾಗಿತ್ತು. ಈಗ ಅವಳ ಬೆರಳು. ಓಡಿಹೋಗಿ ಅದರ ಮೇಲೆ ನನ್ನ ಬೆರಳಿಡಬೇಕು ಎನ್ನಿಸಿತು.

ಆಮೇಲೆ ಆ ಬೆಳಿಗ್ಗೆ ನೆನಪಾಯಿತು. ವಿಭೂತಿ ನೀರು ಆರದ ನನ್ನ ಕೈ. ಬೆವರು, ಕಣ್ಣೀರು ಒರೆಸಿಕೊಂಡ ಅದೇ ಕೈಯಲ್ಲಿ ರಿವಾಲ್ವರನ್ನು ಚೀಲದಿಂದ ಹೊರಗೆಳೆದದ್ದು. ಬಲಗೈಯಿಂದ ಹಿಡಿಯನ್ನು ಹಿಡಿದಾಗ ಹೆಬ್ಬೆರಳು ಎಡಮೈಗೇ ಬರುತ್ತದೆ. ಆ ಜಾಗಕ್ಕೇ ಬರುತ್ತದೆ. ಅದಾದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಎರಡು ದಿನ ಹೇಳಲಿಲ್ಲ. ಅವನೂ ಮುಂದಿನ ಕೆಲಸಕ್ಕೆ ಕೈ ಹಾಕಲಿಲ್ಲ. ನಾಳೆ ಮೋಡ ಕಡಿಮೆಯಾಗಲಿ ಎಂದ, ಅಮಾವಾಸ್ಯೆಗೆ ಎಷ್ಟು ದಿನ ಐತೆ ನೋಡು ಎಂದ. ಸಂಬಂಧವಿಲ್ಲದ ಮಾತು. ಬೆಳಿಗ್ಗೆ ಚಹಾ ಕುಡಿದು ಕಂಬಳಿಯ ಮೇಲೆ ಕೂತು ಆ ತುಂಡನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುವುದು, ಮತ್ತೆ ಇಡುವುದು. ಆ ಗುರುತನ್ನು ಅವನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಅಳಿಸಿಹೋದೀತು ಎಂಬಂತೆ ಬೆರಳನ್ನು ಅದರ ಮೇಲೆ ಸ್ವಲ್ಪ ಎತ್ತರದಲ್ಲೇ ಆಡಿಸುತ್ತಿದ್ದ. ನನಗೆ ನೋಡಲಾಗಲಿಲ್ಲ. ಹೇಳಿದರೆ ಅವನಿಂದ ಅವಳನ್ನು ಎರಡನೇ ಸಲ ಕಿತ್ತುಕೊಂಡಂತೆ. ಹೇಳದಿದ್ದರೆ ಅವನು ನನ್ನ ಬೆರಳನ್ನು ಅವಳದೆಂದು ನಂಬಿಕೊಂಡೇ ಇರುತ್ತಾನೆ. ಚಿಕ್ಕಂದಿನಲ್ಲಿ ಅವನು ಹಾಳಾಗಿಹೋಗಲಿ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಈಗ ಅವನಿಗೆ ನೋವು ಮಾಡಲು ಮನಸ್ಸು ಬರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅವನ ಎದುರು ಕೂತೆ.

"ಚಿಕ್ಕಪ್ಪ, ಅದು ಚಿಕ್ಕಮ್ಮಂದಲ್ಲ."

ಅವನು ತಲೆ ಎತ್ತಲಿಲ್ಲ.

"ಅವತ್ತು ಟ್ರಂಕಿಗೆ ಇಟ್ಟಿದ್ದು ನಾನು. ಅವಳಿಗೆ ವಿಭೂತಿ ಹಚ್ಚಿ ಬಂದಿದ್ದೆ, ಕೈ ಒರೆಸ್ಕೊಂಡಿರ್ಲಿಲ್ಲ. ಆ ಬೆರಳು ನಂದು."

ಹೊರಗೆ ಯಾರೋ ಎತ್ತು ಹೊಡೆದುಕೊಂಡು ಹೋದರು. ಅವನು ಕೈಯಲ್ಲಿದ್ದ ತುಂಡನ್ನು ಕಂಬಳಿಯ ಮೇಲಿಟ್ಟ.

"ಗೊತ್ತೈತೆ ಅವ್ವ," ಎಂದ. "ಬಟ್ಟೆ ಬಿಡಿಸಿದ ದಿನಾನೇ ಗೊತ್ತಾತು. ಅವಳು ಎಣ್ಣೆ ಹಾಕಿ ಒರೆಸ್ತಿದ್ಲು. ಎಣ್ಣೆ ಕೈ ಜಂಗು ಹಿಡಿಸಲ್ಲ. ಬೆವರಿನ ಕೈ ಹಿಡಿಸ್ತೈತೆ. ಜಂಗು ನೋಡೇ ಅನ್ನ ತಿಂದೋನು ನಾನು, ಅಷ್ಟೂ ಗೊತ್ತಾಗಲ್ವಾ."

"ಗೊತ್ತಿದ್ದೂ ಯಾಕೆ ಅವಳ್ದು ಅಂದೆ ನೀನು?"

ನೀನು ಎಂಬ ಮಾತು ಬಾಯಿಂದ ಹಾಗೇ ಬಂದುಬಿಟ್ಟಿತು. ಅವನಿಗೆ ಅದು ತಿಳಿಯಿತೋ ಇಲ್ಲವೋ.

"ಅವಳ್ದು ಅನ್ಕೊಂಡು ಕೂತ್ರೆ ಹೊತ್ತು ಹೋಗ್ತಿತ್ತು," ಎಂದ. "ನೀನೂ ಹಂಗೇ ಅನ್ಕೊಂಡು ಖುಷಿಯಾಗಿರ್ತೀಯೇನೋ ಅಂತ ಸುಮ್ನಾದೆ. ಎರಡು ವರ್ಷದಾಗೆ ನಿನ್ನ ಮುಖ ಅರಳಿದ್ದು ನೋಡಿದ್ದು ಅವತ್ತೊಂದೇ ದಿನ."

ಆಗ ನಾನು ಅತ್ತೆ. ಚಿಕ್ಕಮ್ಮ ಹೋದಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಅವನು ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ, ಅದು ಅವನಿಗೆ ಬರುತ್ತಿರಲಿಲ್ಲ. ನಾನು ಮುಗಿಸುವವರೆಗೂ ಕಾದು, ಎಲ್ಲಕ್ಕಿಂತ ನಯವಾದ ಉಪ್ಪುಕಾಗದದ ಒಂದು ಚೂರನ್ನು ಎಣ್ಣೆಯಲ್ಲಿ ಅದ್ದಿ ಮುಂದೆ ಹಿಡಿದ.

"ತಗ. ನೀನೇ ತಿಕ್ಕು. ಇಲ್ಲಾಂದ್ರೆ ಅದು ಒಳಕ್ಕೆ ಇಳಿದು ಉಕ್ಕು ತಿಂದ್ಬಿಡ್ತೈತೆ."

ತಿಕ್ಕಿದೆ. ಮೊದಲು ಗೆರೆಗಳು ಹೋದವು, ಆಮೇಲೆ ಕೆಂಪು. ಕೊನೆಗೆ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕಿಗಳು ಬಹಳ ಹೊತ್ತು ಉಳಿದವು. ಕೈ ಸೋತಿತು. ಅವನು ಪಕ್ಕದಲ್ಲಿ ಕೂತು, ಮೆಲ್ಲಗೆ, ಇನ್ನೂ ಮೆಲ್ಲಗೆ ಎನ್ನುತ್ತಿದ್ದ. ಸಂಜೆ ಬಿಸಿಲು ಬಾಗಿಲಿಗೆ ಬಂದಾಗ ಆ ಜಾಗವೂ ಬೇರೆ ಕಡೆಯಂತೆಯೇ ಆಗಿತ್ತು. ಯಾರ ಬೆರಳೂ ಇರಲಿಲ್ಲ.

ಮರುದಿನದಿಂದ ಕಪ್ಪು ಹತ್ತಿಸುವ ಕೆಲಸ. ಸುಣ್ಣದ ಪುಡಿಯಿಂದ ಉಜ್ಜಿ ಎಣ್ಣೆಯ ಪಸೆ ಪೂರ್ತಿ ತೆಗೆದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ನಳಿಗೆಯ ಎರಡೂ ತುದಿಗೆ ಮರದ ಗೂಟ ಬಡಿದು, ಆ ಗೂಟವನ್ನೇ ಹಿಡಿದು ತಿರುಗಿಸುತ್ತಿದ್ದ. ಸೀಸೆಯ ದ್ರಾವಣವನ್ನು ಬಟ್ಟೆಯ ತುದಿಯಿಂದ ಒಂದೇ ಎಳೆತಕ್ಕೆ ಸವರಿ, ಬಚ್ಚಲುಮನೆಯಲ್ಲಿ ನೀರು ಕಾಯುವ ಹಂಡೆಯ ಪಕ್ಕ ದಾರ ಕಟ್ಟಿ ನೇತುಹಾಕಿದ. ಅಲ್ಲಿ ಬಿಸಿ ಹಬೆ ಇರುತ್ತದೆ. ಕೆಲವು ಗಂಟೆ ಬಿಟ್ಟು ಹೋಗಿ ನೋಡಿದರೆ ನಾವು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದ ಉಕ್ಕಿನ ಮೇಲೆ ಮತ್ತೆ ತುಕ್ಕು.

"ಎಲ್ಲ ಹಾಳಾತಲ್ರಿ," ಎಂದೆ.

ಚಿಕ್ಕಪ್ಪ ಆ ಎರಡು ವರ್ಷಗಳಲ್ಲಿ ಮೊದಲ ಸಲ ನಕ್ಕ. "ಇದು ನಾವು ಬರ್ಸಿದ ಜಂಗು. ಹೂವಿನ ಪರಾಗದಂಗೆ ಸಣ್ಣಗೆ, ಎಲ್ಲ ಕಡೆ ಒಂದೇ ಸಮ ಬರಬೇಕು. ಇದನ್ನ ಮಳೆ ನೀರಾಗೆ ಕುದಿಸಿದ್ರೆ ಕಪ್ಪಾಗ್ತೈತೆ. ಕಪ್ಪಾದ್ಮೇಲೆ ಇನ್ನು ಅದು ತಿನ್ನಲ್ಲ."

ಬೋಗುಣಿಯಲ್ಲಿ ಮಳೆನೀರು ಕುದಿಸಿ ಅದನ್ನು ಮುಳುಗಿಸಿದೆವು. ಒಲೆಯ ಮುಂದೆ ಇಬ್ಬರೂ ಬಗ್ಗಿ ಕೂತಿದ್ದೆವು. ನೀರಿನೊಳಗೆ ಕೆಂಪು ಮೆಲ್ಲನೆ ಕಂದಾಯಿತು, ಕಂದು ಕಪ್ಪಾಯಿತು. ತೆಗೆದು ಉಕ್ಕಿನ ನಾರಿನಿಂದ ಹಗುರಾಗಿ ಉಜ್ಜಿದರೆ ಮೇಲಿನ ಪುಡಿ ಹೋಗಿ, ಕೆಳಗೆ ಬೂದಿ ಬಣ್ಣದ ತೆಳು ಪದರ ಉಳಿಯಿತು. ಇಷ್ಟಕ್ಕೆ ಒಂದು ಸುತ್ತು. ಮತ್ತೆ ಸವರು, ಮತ್ತೆ ನೇತುಹಾಕು, ಮತ್ತೆ ಕುದಿಸು. ಅಂಥ ಎಂಟೊಂಬತ್ತು ಸುತ್ತು ಮಾಡಿದೆವು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು.

ಆ ಕಾಯುವ ಹೊತ್ತಿನಲ್ಲಿ ನಾವು ಮಾತಾಡಿದೆವು. ಮೊದಲು ಶುರು ಮಾಡಿದವನು ಅವನೇ.

"ನಾನು ಇಲ್ದಾಗ ಅವಳು ಹೆಂಗಿರ್ತಿದ್ಲು? ನಾನು ಬರೀ ರಜದಾಗೆ ನೋಡ್ದೋನು. ರಜದಾಗೆ ಎಲ್ಲಾರೂ ನಗ್ತಾನೇ ಇರ್ತಾರೆ."

ಹೇಳಿದೆ. ಅವನ ಕಾಗದ ಬಂದರೆ ಅವಳು ಕೂಡಲೇ ಒಡೆಯುತ್ತಿರಲಿಲ್ಲ. ಅಕ್ಕಿಯ ಗುಡಾಣದೊಳಗೆ ಇಡುತ್ತಿದ್ದಳು. ಕಸ ಮುಸುರೆ ಎಲ್ಲ ಮುಗಿಸಿ, ಮುಖ ತೊಳೆದು ಕುಂಕುಮ ಇಟ್ಟುಕೊಂಡು, ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ನಾಲ್ಕನೇ ತರಗತಿ ಓದಿದವಳು, ಕೂಡಿಸಿ ಕೂಡಿಸಿ ಓದಬೇಕು. ನಾನು ಓದಿ ಹೇಳುತ್ತೇನೆ ಎಂದರೆ ಕೊಡುತ್ತಿರಲಿಲ್ಲ. ಒಂದು ಸಲ ನಾನು ಅಂಚೆಯವನಿಂದ ಕಾಗದ ಈಸಿಕೊಂಡು ಮೂರು ದಿನ ನನ್ನ ಪುಸ್ತಕದ ಚೀಲದಲ್ಲಿ ಬಚ್ಚಿಟ್ಟಿದ್ದೆ. ಅವಳು ದಿನಾ ಬಾಗಿಲಿಗೆ ಬಂದು ನೋಡುತ್ತಿದ್ದಳು. ಮೂರನೇ ದಿನ ತಡೆಯಲಾರದೆ ಗುಡಾಣದೊಳಗೆ ನಾನೇ ಹಾಕಿದೆ. ಅವಳು ಬೈಯಲಿಲ್ಲ, ನನ್ನ ತಲೆ ನೇವರಿಸಿದಳು. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ ಎಂದೆ.

ಅವನು ಒಲೆಗೆ ಒಂದು ಸೌದೆ ಸರಿಸಿದ. "ಅವಳ ಕಾಗದದಾಗೆ ಅರ್ಧ ನೀನೇ ಇರ್ತಿದ್ದೆ," ಎಂದ. "ಮಗು ಮಗ್ಗಿ ಕಲೀತು, ಮಗೀಗೆ ದಡಾರ ಆಗೈತೆ, ಮಗು ನನ್ನ ಮೇಲೆ ಮುನಿಸ್ಕೊಂಡೈತೆ. ನನಗೇನು ಬರೀತಾಳೆ ಅಂತ ಹುಡುಕಿದ್ರೆ ಕೊನೇ ಸಾಲಿನಾಗೆ, ನೀವು ಹುಷಾರು ಅಂತ ಇರೋದು. ನಿನ್ನ ಕಂಡ್ರೆ ನನಗೂ ಹೊಟ್ಟೆಕಿಚ್ಚೇ ಇತ್ತು."

ಇಬ್ಬರೂ ನಕ್ಕೆವು. ಬೋಗುಣಿಯ ನೀರು ಉಕ್ಕಿ ಒಲೆಗೆ ಬಿತ್ತು.

ಹಾಗೆ ಒಬ್ಬರಲ್ಲಿದ್ದುದನ್ನು ಇನ್ನೊಬ್ಬರಿಗೆ ಕೊಟ್ಟೆವು. ಅವಳಿಗೆ ರೈಲೆಂದರೆ ಭಯ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಒಂದು ಸಲ ಅವನು ಕರೆದುಕೊಂಡು ಹೋದಾಗ ಸುರಂಗದಲ್ಲಿ ಅವನ ಅಂಗಿಯ ತೋಳು ಹರಿಯುವಷ್ಟು ಬಿಗಿಯಾಗಿ ಹಿಡಿದಿದ್ದಳಂತೆ. ಅವಳು ಒಬ್ಬಳೇ ಇದ್ದಾಗ ರೊಟ್ಟಿ ತಟ್ಟುತ್ತ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ. "ನನ್ನ ಮುಂದೆ ಒಂದು ಸಲಾನೂ ಹಾಡ್ಲಿಲ್ಲ," ಎಂದು ಎರಡು ಸಲ ಹೇಳಿದ. ಏನು ಹಾಡುತ್ತಿದ್ದಳು ಎಂದು ಕೇಳಿದ. ನನಗೆ ರಾಗ ನೆನಪಿತ್ತು, ಮಾತು ನೆನಪಿರಲಿಲ್ಲ. ರಾಗವನ್ನೇ ಗುನುಗಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

ರಜೆ ಮುಗಿಯುವ ಹಿಂದಿನ ದಿನ ಕೊನೆಯ ಸುತ್ತು ಕುದಿಸಿ, ಬಿಸಿ ಇರುವಾಗಲೇ ಎಣ್ಣೆ ಹಚ್ಚಿದ. ಎಣ್ಣೆ ತಾಗುತ್ತಲೇ ಬೂದಿ ಬಣ್ಣ ಆಳವಾದ ಕಪ್ಪಾಯಿತು. ವಾರೆಯಾಗಿ ನೋಡಿದರೆ ಮಾತ್ರ ಅದರೊಳಗೆ ನೀಲಿಯ ಒಂದು ಛಾಯೆ ಕಾಣುತ್ತಿತ್ತು. ತಿರುಪುಗಳನ್ನು ಹಾಕಿ ಪೂರ್ತಿ ಜೋಡಿಸಿ ನನ್ನ ಕೈಗೆ ಕೊಟ್ಟ. ನಾನು ಇಂದಿಗೂ ಬಂದೂಕುಗಳನ್ನು ಇಷ್ಟಪಡುವವಳಲ್ಲ. ಆದರೆ ಅಷ್ಟು ಚಂದದ ಕಪ್ಪನ್ನು ಆಮೇಲೆ ಎಲ್ಲೂ ನೋಡಿಲ್ಲ.

ಆ ಶನಿವಾರ ಠಾಣೆಗೆ ಕಾಗದ ಕೊಟ್ಟು, ಸವಳಂಗದ ಮೇಲೆ ಶಿವಮೊಗ್ಗಕ್ಕೆ ಹೋದೆವು. ನಾನು ಅರ್ಧ ದಿನ ರಜೆ ಹಾಕಿದ್ದೆ. ಅಂಗಡಿಯ ಮಾಲೀಕರು ವಯಸ್ಸಾದವರು. ರಿವಾಲ್ವರನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲಿ ಮಾಡಿಸಿದ್ರಿ ಇದನ್ನ?"

"ಮನ್ಯಾಗೇ," ಎಂದ ಚಿಕ್ಕಪ್ಪ. "ನಾನೂ ಇವಳೂ."

"ಇಂಥ ಕೆಲಸ ಈಗ ಯಾರು ಮಾಡ್ತಾರ್ರಿ. ಇನ್ನೊಂದು ಸಲ ಯೋಚ್ನೆ ಮಾಡ್ರಿ, ಕೊಡ್ಲೇಬೇಕಾ?"

ಅವನು ನನ್ನ ಕಡೆ ನೋಡಿದ. ನಾನು ಇಟ್ಟುಕೊಳ್ಳಿ ಎಂದಿದ್ದರೆ ಇಟ್ಟುಕೊಳ್ಳುತ್ತಿದ್ದನೇನೋ. ಅವನು ರುಜು ಮಾಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಮಡಿಲಿನಲ್ಲಿ ತಿರುವುತ್ತಿದ್ದ. ಸೂರಗೊಂಡನಕೊಪ್ಪಕ್ಕೆ ಹೋಗುವ ಹೆಂಗಸರು ಬಸ್ಸು ತುಂಬ ಇದ್ದರು, ಯಾರೋ ತಮ್ಮ ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದರು. ಅದು ಇಳಿಯುವವರೆಗೂ ಅವನ ಕಪ್ಪು ಉಗುರುಗಳನ್ನು ಹಿಡಿದು ಆಡುತ್ತಿತ್ತು.

ಆಮೇಲೆ ಅವನು ನಾಲ್ಕು ವರ್ಷ ಬದುಕಿದ. ನಮ್ಮ ಮನೆಯಲ್ಲಿ ಮಾತು ಮತ್ತೆ ನಿಲ್ಲಲಿಲ್ಲ. ಅವನು ತೀರಿಕೊಂಡ ಮೇಲೆ ಆ ಮನೆ ಅವನ ಅಣ್ಣತಮ್ಮಂದಿರ ಪಾಲಿಗೆ ಹೋಯಿತು. ನಾನು ವರ್ಗ ಕೇಳಿಕೊಂಡು ಜಗಳೂರಿಗೆ ಬಂದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಇಲಾಖೆಯ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಕಾಲು ತಾನಾಗಿ ಆ ಅಂಗಡಿಯ ಬೀದಿಗೆ ಹೊರಳಿತು. ಹಳೆಯ ಮಾಲೀಕರು ಇರಲಿಲ್ಲ, ಅವರ ಮಗ ಕೂತಿದ್ದರು. ಗುರುತು ಹೇಳಿ, ಆ ರಿವಾಲ್ವರ್ ಇದೆಯೇ ಎಂದು ಕೇಳಿದೆ.

"ಅದು ಹೋಗಿ ಬಹಳ ವರ್ಷ ಆತು ಅಕ್ಕಾರೆ. ಯಾರಿಗೆ ಅಂತ ಹೇಳಾಕೆ ಬರಲ್ಲ. ಯಾಕೆ, ನಿಮಗೆ ಬೇಕಿತ್ತಾ?"

"ಇಲ್ಲ," ಎಂದೆ. "ತಗೊಂಡೋರು ಎಣ್ಣೆ ಹಾಕಿ ಒರೆಸ್ತಾರಾ ಅಂತ ಕೇಳಾಕೆ ಬಂದೆ."

ಅವರು ಕುಡಿಯಲು ನೀರು ತರಿಸಿದರು. ಕುಡಿದು, ಬರ್ತೀನ್ರಿ ಎಂದು ಹೊರಗೆ ಬಂದೆ.

ನ್ಯಾಮತಿಯ ಮೇಲೆ ಹೋಗುವ ದಾವಣಗೆರೆಯ ಬಸ್ಸು ಸಿದ್ಧವಾಗಿತ್ತು. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು ಹಿಡಿಯಬೇಕು, ಹಾಗೆಯೇ ಬಂದಿದ್ದೆ. ಊರು ದಾಟುವಾಗ ಕಂಡಕ್ಟರ್ ಹತ್ತಿರ ಬಂದು ಎಲ್ಲಿಗೆ ಎಂದ. ನ್ಯಾಮತಿಯಲ್ಲಿ ನನ್ನವರು ಎನ್ನುವವರು ಯಾರೂ ಉಳಿದಿರಲಿಲ್ಲ. ಅಲ್ಲಿ ಇಳಿದರೆ ಯಾರ ಬಾಗಿಲು ತಟ್ಟಬೇಕೆಂದೂ ಗೊತ್ತಿರಲಿಲ್ಲ.

"ನ್ಯಾಮತಿ ಒಂದು ಕೊಡ್ರಿ," ಎಂದೆ.